ಉಪ್ಪಿನ ಬಿಲ್ಲೆ

ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ. ಇದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಅವ್ವ ಕೆಳಗಿಡುತ್ತಿದ್ದಳು, ನಾನೂ ಕೆಳಗಿಡುತ್ತೇನೆ. ನನ್ನ ವಾರಗಿತ್ತಿಗಂತೂ, ಅಂದರೆ ಮೈದುನನ ಹೆಂಡತಿಗೆ, ಉಪ್ಪು ಹೋಗಲಿ ಬೆಲ್ಲವನ್ನೂ ಕೈಗೆ ಕೊಟ್ಟು ಬಹಳ ಕಾಲವಾಯಿತು. ಅಣ್ಣತಮ್ಮಂದಿರು ಭಾಗವಾದಾಗ ಹೊಲ ಸೀಳಿದರು, ಮನೆ ಸೀಳಿದರು, ಬಾವಿ ಸೀಳಲಾಗಲಿಲ್ಲ. ಒಂದು ದಿನ ಅವರ ಮೋಟರು, ಮರುದಿನ ನಮ್ಮದು. ಗಂಡಸರಿಬ್ಬರೂ ತೀರಿಕೊಂಡರು, ಬಾವಿ ಇದೆ, ನಾವಿಬ್ಬರೂ ಇದ್ದೇವೆ.

ನಮ್ಮೂರು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಿಂದ ಒಂದಿಷ್ಟು ಒಳಕ್ಕಿದೆ. ಈ ಕಡೆ ನೀರಲ್ಲಿ ಫ್ಲೋರೈಡ್ ಇದೆ ಎಂದು ಮಕ್ಕಳಿಗೂ ಗೊತ್ತು. ನನ್ನ ಸೊಂಟ ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ, ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕು. ಆ ನೀರು ನೋಡಲು ಕನ್ನಡಿಯ ಹಾಗಿರುತ್ತದೆ, ಕುಡಿಯಲೂ ರುಚಿ. ಕಾಯಿಸಿದರೂ ಹೋಗುವುದಿಲ್ಲ. ಯಾವ ಬಾವಿಯಲ್ಲಿ ಎಷ್ಟಿದೆ ಎಂದು ನಾಲಿಗೆಗೆ ತಿಳಿಯುವುದಿಲ್ಲ.

ಮೊಮ್ಮಗಳನ್ನು ಕೊರಟಗೆರೆಗೆ ಕೊಟ್ಟಿದ್ದೇವೆ. ಅವಳು ಬಸುರಿಯಾದ ಸುದ್ದಿ ಬಂದಾಗ ಸೊಸೆ ಕುಣಿದಾಡಿದಳು. ನನಗೆ ಮೊದಲು ನೆನಪಾದದ್ದು ಬಾವಿ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಮೊಮ್ಮಗಳು ಬಂದರೆ ಏನು ಕುಡಿಸುವುದು? ಊರಿನ ಶುದ್ಧ ನೀರಿನ ಘಟಕ ಒಂದು ತಿಂಗಳು ನಡೆದರೆ ಎರಡು ತಿಂಗಳು ಮಲಗುತ್ತದೆ.

ಆ ಸಮಯಕ್ಕೇ ಬೆಂಗಳೂರಿನ ಕಾಲೇಜೊಂದರಿಂದ ಸಂಶೋಧನೆ ಮಾಡುವ ಹೆಂಗಸು ಬಂದಳು. ಮದುವೆಯಾದವಳೇ, ನನ್ನ ಕಣ್ಣಿಗೆ ಹುಡುಗಿ. ಹಾಲಿನ ಡೈರಿಯ ಕೋಣೆಯಲ್ಲಿ ನಮ್ಮ ಸಂಘದ ಹೆಂಗಸರನ್ನು ಕೂರಿಸಿ ಮಾತಾಡಿದಳು. ಹಾಲನ್ನು ಮೊಸರು ಮಾಡುವುದು ಕಣ್ಣಿಗೆ ಕಾಣದ ಒಂದು ಜೀವವಂತೆ. ಅಂಥದ್ದೇ ಇನ್ನೊಂದು ಜೀವವನ್ನು ಅವರು ತಿದ್ದಿ ಪಳಗಿಸುತ್ತಾರಂತೆ. ಗಾಜಿನ ನಳಿಗೆಯಲ್ಲಿ ಅದನ್ನಿಟ್ಟು ಒಂದಿಷ್ಟು ನೀರು ಬಿಟ್ಟರೆ, ನೀರು ಫ್ಲೋರೈಡಿನಿಂದ ಕೆಟ್ಟಿದ್ದರೆ ಹಳದಿಯಾಗುತ್ತದೆ. ಆದರೆ ಎಷ್ಟು ಕೆಟ್ಟರೆ ಅದು ಬಾಯಿ ಬಿಡಬೇಕು, ಯಾವ ಬಣ್ಣ ತೋರಿಸಬೇಕು, ಕೆಲಸ ಮುಗಿದ ಮೇಲೆ ಹೇಗೆ ಸಾಯಬೇಕು, ಇದನ್ನೆಲ್ಲ ಕುಡಿಯುವವರನ್ನು ಕೇಳದೆ ಮಾಡಬಾರದು ಎಂಬುದು ಅವಳ ಓದು.

ಕೇಳುವುದಕ್ಕೆ ಒಂದು ಮೇಜು ತಂದಿದ್ದಳು. ದೊಡ್ಡ ಮೊಬೈಲನ್ನು ಅಂಗಾತ ಮಲಗಿಸಿದ ಹಾಗೆ, ಮೇಲೆ ಗಾಜು, ಒಳಗೆ ಬೆಳಕು. ಬೆರಳಲ್ಲಿ ಮುಟ್ಟಿದರೂ ಕೇಳುತ್ತದೆ, ನನ್ನ ಬೆರಳನ್ನು ಮಾತ್ರ ಕೇಳಲಿಲ್ಲ. ನಮ್ಮಂಥವರಿಗೆಂದೇ ಮರದ ಬಿಲ್ಲೆ ಮಾಡಿಸಿದ್ದಳು, ಅಂಗೈ ತುಂಬುವಷ್ಟು ದಪ್ಪ. ಓದಲು ಬಾರದವರಿಗೆ ಗುರುತು ಸಿಗಲಿ ಎಂದು ಒಂದರ ಮೇಲೆ ಅರಿಶಿನದ ಕೊಂಬು ಅಂಟಿಸಿದ್ದಳು, ಅದು ಬಣ್ಣಕ್ಕೆ. ಒಂದರ ಮೇಲೆ ಬೂದಿ, ಅದು ಸಾವಿಗೆ. ಇನ್ನೊಂದರ ಮೇಲೆ ಕಲ್ಲುಪ್ಪು. ಅದೇ ಮುಖ್ಯವಾದದ್ದು. ಅದರ ಅಂಚಿನಲ್ಲೊಂದು ಕೆಂಪು ಚುಕ್ಕೆ. ಬಿಲ್ಲೆಯನ್ನು ಗಾಜಿನ ಮೇಲಿಟ್ಟು ಚುಕ್ಕೆಯನ್ನು ಎಡಕ್ಕೆ ತಿರುಗಿಸಿದರೆ, ನೀರು ಚೂರು ಕೆಟ್ಟಿದ್ದರೂ ನಳಿಗೆ ಹಳದಿಯಾಗಬೇಕು ಎಂದರ್ಥ. ಬಲಕ್ಕೆ ತಿರುಗಿಸಿದರೆ, ತೀರಾ ಕೆಟ್ಟ ನೀರಿಗೆ ಮಾತ್ರ. ಬಿಲ್ಲೆಗಳನ್ನು ಹತ್ತಿರ ಹತ್ತಿರ ಇಟ್ಟರೆ ನಡುವೆ ಬೆಳಕಿನ ದಾರ ಎಳೆದುಕೊಂಡು, ಆ ಜೀವ ಹೇಗೆ ನಡೆದುಕೊಳ್ಳುತ್ತದೆ ಎಂದು ಗಾಜಿನ ಮೇಲೆ ಚಿತ್ರ ಓಡುತ್ತಿತ್ತು.

ಎಲ್ಲರೂ ಒಂದೇ ಮಾತಿಗೆ ಬಂದೆವು, ಎಡಕ್ಕಿರಲಿ ಎಂದು. ನಾನೇ ತಿರುಗಿಸಿದೆ. ಆಮೇಲೆ ವಾರಗಿತ್ತಿ, ನಾನೂ ಒಂದ್ಸಲ ನೋಡ್ತೀನಿ ಕೊಡು ಎಂದಳು. ಅವಳ ತವರು ಆಂಧ್ರದ ಗಡಿ, ಕೋಪ ಬಂದರೆ ತೆಲುಗು, ಬಾರದಿದ್ದರೆ ಕನ್ನಡ. ಕೈ ಚಾಚಿದಳು. ಬಿಲ್ಲೆಯ ಮೇಲೆ ಉಪ್ಪಿತ್ತು. ನಾನು ಅವಳ ಮುಂದೆ ಗಾಜಿನ ಮೇಲಿಟ್ಟೆ.

"ಮರದ ತುಂಡ್ನೂ ಕೈಗೆ ಕೊಡಾಕಾಗಲ್ವೇನಕ್ಕ?"

"ಉಪ್ಪೈತಲ್ಲೇ ಮ್ಯಾಲೆ. ಇರೋ ಜಗಳ ಸಾಲ್ದಾ?"

ಹೆಂಗಸರೆಲ್ಲ ನಕ್ಕರು. ವಾರಗಿತ್ತಿಯೂ ನೋಡಿ ಮುಗಿಸಿ ಪಕ್ಕದವಳ ಕೈಗೆ ಕೊಡಲಿಲ್ಲ, ಗಾಜಿನ ಮೇಲಿಟ್ಟಳು. ಆ ಪಕ್ಕದವಳು ತನ್ನ ಪಕ್ಕದವಳಿಗೆ ಇಟ್ಟಳು. ಹೀಗೆ ಉಪ್ಪಿನ ಬಿಲ್ಲೆ ಮೇಜು ಸುತ್ತಿತು. ಅಷ್ಟರಲ್ಲಿ ಕರೆಂಟು ಒಮ್ಮೆ ಹೋಗಿ ಬಂತು. ಹುಡುಗಿ ಗಾಬರಿಯಾಗಿ ಎಲ್ಲ ಅಳಿಸಿಹೋದೀತೆಂದು ಗಾಜಿನ ಮೂಲೆಯಲ್ಲಿ ಒತ್ತಿ, ಮೇಜಿನ ಮೇಲೆ ಇದ್ದದ್ದು ಇದ್ದ ಹಾಗೆ ಉಳಿಸಿಕೊಂಡಳು. ನಾವು ಟೀ ಕುಡಿದು ಎದ್ದೆವು.

ಸೀಮಂತ ಮುಗಿಸಿಕೊಂಡು ಮೊಮ್ಮಗಳು ಬಂದಳು. ಘಟಕ ಮಲಗಿತ್ತು. ಮಗ ಪಕ್ಕದೂರಿನಿಂದ ಸ್ಕೂಟರಿನಲ್ಲಿ ಕ್ಯಾನು ತರುತ್ತಿದ್ದ, ಅದು ಅವಳಿಗೆ ಮಾತ್ರ. ನಾವು ಬಾವಿಯದ್ದೇ ಕುಡಿಯುತ್ತಿದ್ದೆವು. ನಮ್ಮ ಮೂಳೆ ಹೇಗೂ ಮುಗಿದ ಕಥೆ.

ಅದಾಗಿ ಸ್ವಲ್ಪ ದಿನಕ್ಕೆ ಬೆಂಗಳೂರಿನ ಹುಡುಗಿ ನಳಿಗೆ ತಂದಳು. ಅವರ ಬಳಿ ಬೇರೆ ಬೇರೆ ಬಗೆಯವು ಇದ್ದವಂತೆ, ನಮ್ಮ ಮೇಜು ಹೇಳಿದ್ದಕ್ಕೆ ಹೊಂದುವುದನ್ನು ಆರಿಸಿ ತಂದಿದ್ದಳು. ಇದು ನಿಮ್ಮ ಕಣ್ಣಿಗೆ ಬಣ್ಣ ಕಾಣುತ್ತದೋ ಇಲ್ಲವೋ ನೋಡಲಿಕ್ಕೆ ಮಾತ್ರ, ಇದನ್ನು ನಂಬಿ ಯಾರೂ ನೀರು ಕುಡಿಯಬೇಡಿ, ಬಾವಿಯ ನೀರನ್ನು ಬೇರೆಯಾಗಿ ಲ್ಯಾಬಿಗೂ ಒಯ್ಯುತ್ತೇನೆ ಎಂದು ಬಿಡಿಸಿ ಹೇಳಿದಳು. ಸುಳ್ಳು ಹೇಳಬಾರದು, ಹೇಳಿದಳು. ಪಂಚಾಯ್ತಿ ಕೊಳಾಯಿಯ ನೀರಿಗೆ ನಳಿಗೆ ಹಳದಿಯಾಯಿತು. ನಮ್ಮ ಬಾವಿಯ ನೀರಿಗೆ ಏನೂ ಆಗಲಿಲ್ಲ. ಹಾಲು ಬೆರೆಸಿದ ನೀರಿನ ಹಾಗೆ ಬೆಳ್ಳಗೇ ಉಳಿಯಿತು. ವಾರಗಿತ್ತಿ ಅದನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದಳು. ಬಾವಿ ವಿಷಯದಲ್ಲಿ ನಾವಿಬ್ಬರೂ ಒಟ್ಟಿಗೆ ಖುಷಿಪಟ್ಟದ್ದು ಅದೊಂದೇ ದಿನ.

ಆಮೇಲೆ ಆದದ್ದನ್ನು ಯಾರು ಮಾಡಿದರು ಎಂದು ಕೇಳಿದರೆ ಹೇಳಲಾರೆ. ಕುಡಿ ಎಂದು ಯಾರೂ ಅನ್ನಲಿಲ್ಲ. ಒಂದು ದಿನ ಮಗನ ಸ್ಕೂಟರು ಕೆಟ್ಟಿತು. ಸೊಸೆ, ಇವತ್ತೊಂದಿನ ತಾನೇ, ಹಳದಿಯಾಗಲಿಲ್ಲವಲ್ಲ ಎಂದಳು. ನಾನು ಕೇಳಿಸಿಕೊಂಡೆ, ಸುಮ್ಮನಿದ್ದೆ. ಸ್ಕೂಟರು ಸರಿಯಾಯಿತು, ಕ್ಯಾನು ಮಾತ್ರ ಬರಲಿಲ್ಲ. ಮೊಮ್ಮಗಳು ಬಾವಿ ನೀರು ಚೆಂಬುಗಟ್ಟಲೆ ಕುಡಿದಳು. ಬಸುರಿಗೆ ಬಾಯಾರಿಕೆ ಜಾಸ್ತಿ.

ಹುಡುಗಿ ಮತ್ತೆ ಬಂದ ದಿನ ಮೇಜು ಇಳಿಸುವ ಮೊದಲೇ ನಮ್ಮ ಮನೆಗೆ ಬಂದಳು. ಮುಖ ಸರಿಯಿರಲಿಲ್ಲ. ಲ್ಯಾಬಿನ ವರದಿ ಬಂದಿತ್ತು. ನಮ್ಮ ಬಾವಿಯ ನೀರು ಕುಡಿಯಲು ಯೋಗ್ಯವಲ್ಲ. ನಳಿಗೆ ಯಾಕೆ ಸುಮ್ಮನಿತ್ತು ಎಂದು ಮೇಜಿನ ನೆನಪನ್ನು ತೆಗೆದು ನೋಡಿದರೆ, ಉಪ್ಪಿನ ಬಿಲ್ಲೆಯ ಚುಕ್ಕೆ ಬಲದ ತುದಿಯಲ್ಲಿತ್ತಂತೆ. ನೀವೆಲ್ಲ ಎಡಕ್ಕೆ ಎಂದದ್ದು ನನಗೆ ನೆನಪಿದೆ, ಬಲಕ್ಕೆ ಹೇಗೆ ಹೋಯಿತು ಎಂದು ಕೇಳಿದಳು.

ಡೈರಿ ಕೋಣೆಯಲ್ಲಿ ಆ ದಿನದ್ದನ್ನು ಗಾಜಿನ ಮೇಲೆ ಮತ್ತೆ ಓಡಿಸಿದಳು. ಅದರಲ್ಲಿ ಮುಖವಿಲ್ಲ, ಮಾತಿಲ್ಲ. ಬಿಲ್ಲೆ ಇಟ್ಟಾಗಲೆಲ್ಲ ಒಂದು ಬೆಳಕಿನ ಉಂಗುರ ಹತ್ತುತ್ತದೆ, ಎತ್ತಿದರೆ ಆರುತ್ತದೆ. ಮೊದಲು ಚುಕ್ಕೆ ಎಡಕ್ಕಿತ್ತು, ಅದು ನಾನು ಇಟ್ಟದ್ದು. ಆಮೇಲೆ ಉಂಗುರ ಆರಿತು, ವಾರಗಿತ್ತಿ ಕೂತಿದ್ದ ಕಡೆ ಹತ್ತಿತು, ಚುಕ್ಕೆ ಬೇರೆ ಕಡೆಗೆ. ಆರಿತು, ಅದರ ಪಕ್ಕಕ್ಕೆ ಹತ್ತಿತು. ಇಡುವಾಗ ಚುಕ್ಕೆ ಎತ್ತ ತಿರುಗಿದೆ ಎಂದು ನಾವ್ಯಾರೂ ನೋಡಿರಲಿಲ್ಲ, ಮೇಜು ಸುತ್ತಿ ಸುತ್ತಿ ಅದು ಬಲಕ್ಕೆ ಬಂದು ನಿಂತಿತ್ತು. ಕೈಗೆ ಕೊಟ್ಟಿದ್ದರೆ ಮೇಜಿಗೆ ಕಾಣುತ್ತಿರಲಿಲ್ಲ. ನಾವು ಕೆಳಗಿಟ್ಟದ್ದನ್ನೆಲ್ಲ ಅದು ನಮ್ಮ ಮಾತು ಎಂದುಕೊಂಡಿತ್ತು.

ವಾರಗಿತ್ತಿಯೇ ಹೇಳಿದಳು. "ಉಪ್ಪು ಕಣಮ್ಮ. ಕೈಗೆ ಕೊಡಲ್ಲ ನಾವು."

ಹುಡುಗಿ ಬಿಲ್ಲೆಯನ್ನು ಎತ್ತಿ ನೋಡಿದಳು. ನಮ್ಮ ಮನೆಯಲ್ಲೂ ಕೊಡಲ್ಲ ಅಜ್ಜಿ, ಇದು ಬಿಲ್ಲೆ ಅಂತಲೇ ನೋಡಿದೆ, ಉಪ್ಪು ಅಂತ ನೋಡಲಿಲ್ಲ ಎಂದಳು. ಕೂಸಿಗೆ ಏನಾಗುತ್ತದೆ ಎಂದು ಸೊಸೆ ಕೇಳಿದಳು. ಇಷ್ಟು ದಿನಕ್ಕೆ ಏನೂ ಆಗದೆಯೂ ಇರಬಹುದು, ಆದರೆ ನಾನು ಹೇಳುವವಳಲ್ಲ, ಡಾಕ್ಟರನ್ನು ಕೇಳಿ ಎಂದಳು. ಡಾಕ್ಟರು, ಆ ನೀರು ಬಿಡಿಸಿ ಎಂದರು, ಅಷ್ಟೇ.

ಮೊಮ್ಮಗಳು ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಗಂಡನಿಗೆ ಫೋನು ಮಾಡಿ ಕಾರು ತರಿಸಿ ಕೊರಟಗೆರೆಗೆ ಹೊರಟಳು. ಚೊಚ್ಚಲ ಹೆರಿಗೆಗೆ ಬಂದವಳು ಅರ್ಧಕ್ಕೇ ಅತ್ತೆಮನೆಗೆ ಹೋದಳು ಎಂದು ಊರು ಆಡಿಕೊಂಡಿತು. ಸೊಸೆ ಅತ್ತಳು. ನಾನು ಕಾರಿನ ಬಾಗಿಲು ಹಾಕಿದೆ. ಅಲ್ಲೇ ಹೆತ್ತಳು, ಹೆಣ್ಣು. ಅಳುತ್ತದೆ, ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಾನಿನ್ನೂ ನೋಡಿಲ್ಲ.

ಹೋದ ತಿಂಗಳು ಮೇಜು ಮತ್ತೆ ಬಂದಿತ್ತು. ಈ ಸಲ ಗಾಜಿನ ಸುತ್ತ ಹಲಗೆಯ ದಡ ಕಟ್ಟಿಸಿದ್ದಳು. ಕೈಗೆ ಕೊಡಲಾಗದವರು ಅಲ್ಲಿಡಬಹುದು, ಅದು ಮೇಜಿಗೆ ಕಾಣುವುದಿಲ್ಲ. ಉಪ್ಪನ್ನು ಕಿತ್ತು ಬೇರೆ ಏನಾದರೂ ಅಂಟಿಸಲೇ ಎಂದು ಕೇಳಿದಳು. ಬೇಡ ಎಂದೆ. ಬಿಲ್ಲೆಯನ್ನು ಎಡದ ತುದಿಗೆ ತಿರುಗಿಸಿ ಮೇಲೆ ಕೈಯಿಟ್ಟುಕೊಂಡು ಕೂತೆ. ಲ್ಯಾಬಿನಲ್ಲಿ ನೋಡಿಸಿದ ಸುತ್ತಲ ಹಳ್ಳಿಗಳ ಬಾವಿಯನ್ನೆಲ್ಲ ಗಾಜಿನ ಮೇಲೆ ಬಿಡಿಸಿದ್ದಳು. ನನ್ನ ಕೈಯ ಅಳತೆಗೆ ಒಂದೊಂದಾಗಿ ಎಲ್ಲ ಹಳದಿಯಾದವು. ಒಂದೂ ಉಳಿಯಲಿಲ್ಲ.

ವಾರಗಿತ್ತಿ ನೋಡಿದಳು. ನನ್ನ ಕೈಯ ಮೇಲೆ ಕೈ ಹಾಕಿ ಬಿಲ್ಲೆಯನ್ನು ಬಲಕ್ಕೆ ತಿರುಗಿಸತೊಡಗಿದಳು.

"ಬುಡೇ ಕೈಯ."

"ನೀನು ಬುಡಕ್ಕ. ಎಲ್ಲಾ ಬಾವಿನೂ ಹಳದಿ ಮಾಡಿ ಕೂತ್ಕೊಂಡ್ರೆ ಏನು ಕುಡಿಯಾದು? ನಿನ್ ಮೊಮ್ಮಗ್ಳಿಗೆ ಕೊರಟಗೆರೆ ಐತೆ. ನನ್ ಮಗ ಸಂಸಾರ ಕಟ್ಕೊಂಡು ಎಲ್ಲಿಗೋಗ್ಲಿ?"

"ಕಾಣ್ದಂಗೆ ಕುಡೀಲಿ ಅಂತೀಯಾ?"

"ಕಂಡು ಕುಡಿಯಾದು ಇನ್ನೂ ಕಷ್ಟ ಅಂತೀನಿ."

ಅವಳ ಮಾತು ಸುಳ್ಳಲ್ಲ. ಅದಕ್ಕೇ ನಾನು ಕೈ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಬೆಳಕು ಹಳದಿಗೂ ಬಿಳಿಗೂ ಹೊಯ್ದಾಡುತ್ತಿತ್ತು. ಮೇಜಿಗೆ ಬಿಲ್ಲೆ ಕಾಣುತ್ತದೆ, ಕೈ ಯಾರದೆಂದು ಕಾಣುವುದಿಲ್ಲ. ಕೊನೆಗೆ ಹುಡುಗಿ ನಮ್ಮಿಬ್ಬರ ಅಳತೆಯನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡಳು. ಎರಡು ಬಗೆಯ ನಳಿಗೆ ತರುತ್ತೇನೆ, ಎರಡರ ಅರ್ಥವನ್ನೂ ಹೇಳುತ್ತೇನೆ ಎಂದಳು.

ತಂದಳು. ನಮ್ಮ ಬಾವಿಯ ಒಂದೇ ಕೊಡದ ನೀರನ್ನು ಎರಡಕ್ಕೂ ಬಿಟ್ಟೆವು. ನನ್ನದು ಹಳದಿಯಾಯಿತು, ವಾರಗಿತ್ತಿಯದು ಬೆಳ್ಳಗುಳಿಯಿತು. ಅವಳು ತನ್ನದನ್ನು ಎತ್ತಿಕೊಂಡು ಮನೆಗೆ ಹೋದಳು. ಅಂದು ಮೋಟರು ಹಾಕುವ ಸರದಿ ಅವಳದು, ಹಾಕಿದಳು.

ಸಂಜೆ ಮೊಮ್ಮಗಳು ಫೋನು ಮಾಡಿದಳು. ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಕರೆದುಕೊಂಡು ಬರಲೇ, ನೀರು ಏನಾಯಿತು ಅಜ್ಜಿ ಎಂದು ಕೇಳಿದಳು. ನಾನು ನನ್ನ ನಳಿಗೆಯ ಸುದ್ದಿಯನ್ನಷ್ಟೇ ಹೇಳಿದೆ. ಅವಳು ಮತ್ತೆ ಬರುವ ಮಾತೆತ್ತಲಿಲ್ಲ.