ಪುಟ್ಟಗಂಗಮ್ಮನ ಬೆನ್ನು

ದೆವ್ವ, ಗಾಳಿ, ಮೈಮೇಲೆ ಬರೋದು ಅಂದವರ ಎದುರಿಗೇ ನಗುತ್ತಿದ್ದವಳು ನಾನು. ಓದಿದ್ದು ಎರಡನೇ ಕ್ಲಾಸು. ಕಣ್ಣಾರೆ ಕಾಣದ್ದನ್ನು ನಂಬಿದವಳಲ್ಲ. ಇದನ್ನು ನೀವೂ ನಂಬಬೇಕಾಗಿಲ್ಲ. ನಡೆದದ್ದಷ್ಟೇ ಹೇಳುತ್ತೇನೆ.

ಸೊಂಟ ಮುರಿದ ಮೇಲೆ ನನ್ನನ್ನು ಹೆಬ್ಬೂರಿನಿಂದ ತಂದು ತುಮಕೂರಿನ ಈ ವೃದ್ಧಾಶ್ರಮಕ್ಕೆ ಹಾಕಿದರು. ಪಕ್ಕದ ಮಂಚದಲ್ಲಿ ಕಡಬದ ಪುಟ್ಟಗಂಗಮ್ಮ. ಲಕ್ವ ಹೊಡೆದು ಮಾತು ನಿಂತಿತ್ತು. ಮಲಗಿದಲ್ಲೇ ಮಲಗಿ ಬೆನ್ನು ಹುಣ್ಣಾಗಿತ್ತು. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದ್ದರೆ ಅದು ಬರುತ್ತಿರಲಿಲ್ಲ. ಬದಲಿಸುವವರು ಯಾರು? ನಾನು ಕೋಲು ಹಿಡಿದು ನಿಲ್ಲುವುದೇ ಹೆಚ್ಚು.

ಕುಣಿಗಲ್‌ನಿಂದ ಅವಳ ಮಗಳು ಬರುವ ದಿನ ಮಾತ್ರ ಆಯಾ ಜಯಮ್ಮನ ಕೈಗೆ ಚುರುಕು ಬರುತ್ತಿತ್ತು. ಮುದುಕಿಯ ತಲೆ ಬಾಚಿ, ಪೌಡರ್ ಹಾಕಿ, ನಾತ ಮುಚ್ಚಲು ಊದುಬತ್ತಿ ಹಚ್ಚಿ, ಹಣೆಗೆ ಮೂರು ಬೆರಳ ವಿಭೂತಿ ಬಳಿದು, ಗದ್ದದವರೆಗೆ ಹೊಸ ದುಪ್ಪಟಿ ಎಳೆಯುವಳು. ಮಗಳು ವಿಭೂತಿ ನೋಡಿ ಕೈಮುಗಿಯುವಳು. ಒಂದು ಸಲ ನಾನೇ ಹೇಳಿದೆ, "ಬೆನ್ನು ನೋಡವ್ವ." ಜಯಮ್ಮ, "ಈ ಅಜ್ಜಿಗೆ ಅರಳು ಮರಳು ಕಣಕ್ಕ, ಎಲ್ರಿಗೂ ಹಂಗೇ ಹೇಳ್ತದೆ" ಎಂದು ನಕ್ಕಳು. ಮಗಳೂ ನಕ್ಕಳು.

ಮುಂದಿನ ಸಲ ಬಂದಾಗ ಮಟಮಟ ಮಧ್ಯಾಹ್ನ. "ನೋಡಕ್ಕ ನಿಮ್ಮವ್ವನ್ನ, ಮದ್ವಣಗಿತ್ತಿ ಹಂಗವ್ರೆ" ಎಂದು ಜಯಮ್ಮ ಬಾಗಿಲಲ್ಲೇ ಹೇಳುತ್ತಿದ್ದಳು. ನಮ್ಮ ಮಂಚಗಳ ಕಡೆಯಿಂದ ದನಿ ಬಂತು.

"ಕೆಂಚೀ, ಮಗ್ಗುಲು ತಿರುಗ್ಸೇ. ಬೆನ್ನು ಉರೀತದೆ."

"ಬಾಯ್ಮುಚ್ಕೊಂಡು ಬಿದ್ಕೋ ಅಜ್ಜಿ!" ಜಯಮ್ಮ ಗದರಿದ್ದು ನನಗೆ. ನನ್ನ ಬಾಯಿ ತುಂಬ ಎಲೆಅಡಿಕೆ. ತುಟಿ ಬಿಟ್ಟಿದ್ದರೆ ಸೀರೆಯೆಲ್ಲ ಕೆಂಪಾಗುತ್ತಿತ್ತು. ಪುಟ್ಟಗಂಗಮ್ಮನ ತುಟಿಯೂ ಅಲ್ಲಾಡಲಿಲ್ಲ. ನಾನು ನೋಡುತ್ತಲೇ ಇದ್ದೆ.

ಮಗಳು ಬಿಳಿಚಿಕೊಂಡಳು. "ನನ್ನನ್ನ ಕೆಂಚಿ ಅಂತ ನಮ್ಮವ್ವ ಬುಟ್ರೆ ಯಾರೂ ಕರ್ದಿಲ್ಲ" ಎಂದವಳೇ ಓಡಿ ಬಂದು ದುಪ್ಪಟಿ ಕಿತ್ತು ತಾಯಿಯನ್ನು ಮಗ್ಗುಲಿಗೆ ತಿರುಗಿಸಿದಳು. ಹುಣ್ಣಿನೊಳಗೆ ಮೂಳೆ ಕಾಣುತ್ತಿತ್ತು. ಕಿರುಚಿಕೊಂಡಳು. ಅಂದೇ ಆಸ್ಪತ್ರೆಗೆ ಸಾಗಿಸಿದಳು. ಮುದುಕಿ ಉಳಿಯಲಿಲ್ಲ. ಆ ನಾಲಿಗೆ ಹೊರಳುವ ಹಾಗೇ ಇರಲಿಲ್ಲ ಎಂದರಂತೆ ಡಾಕ್ಟರು.

ಕಾರ್ಯ ಎಲ್ಲ ಮುಗಿದ ಮೇಲೆ ಮಗಳು ಬಂದು ನನ್ನ ಮಂಚದ ತುದಿಗೆ ಕೂತಳು.

"ಅವತ್ತು ಕೂಗಿದ್ದು ನೀವೇ ಅಲ್ವಾ ಅಜ್ಜಿ?"

"ನಾನಲ್ಲ ಕಣವ್ವ. ನಾನು ಹೇಳ್ದಾಗ ನೀನೆಲ್ಲಿ ಕೇಳ್ದೆ?"

ಈಗ ಆ ಮಂಚದಲ್ಲಿ ಗುಬ್ಬಿಯ ಇನ್ನೊಬ್ಬ ಮುದುಕಿ. ಅವಳಿಗೂ ಬೆನ್ನು ಕೆಂಪೇರಿದೆ. ಅದೇ ಪೌಡರು, ಗದ್ದದವರೆಗೆ ಅದೇ ದುಪ್ಪಟಿ. ಅವಳ ಮಗ ಬಂದಾಗ ಹೇಳಿದೆ. ಅವನೂ ನಕ್ಕ. ಆ ದನಿ ಯಾರದೆಂದು ನನಗೆ ಇವತ್ತಿಗೂ ತಿಳಿಯದು. ಅವನು ಬಂದಾಗಲೆಲ್ಲ ಎಲೆಅಡಿಕೆ ಅಗಿಯುವುದನ್ನೂ ನಿಲ್ಲಿಸಿ ಕಿವಿಗೊಡುತ್ತೇನೆ. ಬರುತ್ತಿಲ್ಲ.