ಐದನೆಯ ಮಹಡಿಯ ನಲ್ಲಿ

ನಮ್ಮ ಪೆರ್ಮ್ ಊರಿನಲ್ಲಿ ಚಳಿಗಾಲ ಯಾವಾಗ ಶುರುವಾಗಬೇಕೆಂದು ತೀರ್ಮಾನಿಸುವವರು ಕೊಳವೆಗಳಲ್ಲಿ ಬಿಸಿನೀರು ಹರಿಸಿ ಊರ ಮನೆಗಳನ್ನೆಲ್ಲ ಬೆಚ್ಚಗಿಡುವ ಬಾಯ್ಲರಿನವರು. ಅವರು ಮನಸ್ಸು ಮಾಡಿ ಬಿಸಿನೀರು ಬಿಟ್ಟ ದಿನ ಕೊಳವೆಗಳಲ್ಲಿದ್ದ ಗಾಳಿಯೆಲ್ಲ ಮೇಲಕ್ಕೋಡಿ, ಐದನೆಯ ಮಹಡಿಯ ಕಾಪಾ ಚಿಕ್ಕಮ್ಮನ ಅಡುಗೆಮನೆಯ ರೇಡಿಯೇಟರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಕೆ ಅದರ ಪುಟ್ಟ ನಲ್ಲಿ ತಿರುಗಿಸಿ ಗಾಳಿ ಬಿಡುವವರೆಗೆ ಕೆಳಗಿನ ನಾಲ್ಕು ಮನೆಗಳೂ ತಣ್ಣಗೆ. ಹಾಗಾಗಿ ಶರತ್ಕಾಲದಲ್ಲಿ ಕಾಪಾ ಊರು ಬಿಡುವಂತಿರಲಿಲ್ಲ.

ಆಕೆಗಿದ್ದದ್ದು ಒಂದೇ ಆಸೆ, ಸಮುದ್ರ ನೋಡುವುದು. ಅದೂ ಸೆಪ್ಟೆಂಬರ್ ಕೊನೆಗೆ, ಜನಸಂದಣಿ ಕರಗಿ ನೀರಿನ್ನೂ ಬೆಚ್ಚಗಿರುವಾಗ. ನಮಗೆ ಬಿಸಿನೀರು ಬರುವುದೂ ಆಗಲೇ. ಕಾರ್ಖಾನೆಯಲ್ಲಿ ಕ್ರೇನ್ ನಡೆಸಿದ ಗಟ್ಟಿಗಿತ್ತಿ, ನಮ್ಮ ಅಡುಗೆಮನೆಗಳಿಗೆ ಮಾತ್ರ ಒತ್ತೆಯಾಳಾಗಿದ್ದಳು. ಬೀಗದಕೈ ಕೊಟ್ಟು ಹೋಗುತ್ತೇನೆಂದರೆ ಯಾರೂ ಒಪ್ಪುತ್ತಿರಲಿಲ್ಲ. ನಾಲ್ಕನೆಯ ಮಹಡಿಯ ಗೆನ್ನಾದಿ ಒಮ್ಮೆ ಆ ನಲ್ಲಿಗೆ ಕೈಹಾಕಿ ತನ್ನ ಚಾವಣಿಯನ್ನೇ ತೋಯಿಸಿಕೊಂಡಿದ್ದ.

ಕಳೆದ ವರ್ಷ ಆಕೆ ರೈಲು ಟಿಕೆಟ್ ಕೊಂಡಳೆಂದು ಸುದ್ದಿಯಾಯಿತು. ಹೋಗಬೇಡವೆಂದು ಓಲೈಸಲು ನಾವೆಲ್ಲ ಉಪ್ಪಿನಲ್ಲಿಟ್ಟ ಅಣಬೆಯ ಭರಣಿ ಹೊತ್ತು ಮೆಟ್ಟಿಲು ಹತ್ತಿದೆವು. ಗೆನ್ನಾದಿ ಆಕೆಯ ಗೋಡೆಗೆ ಸಮುದ್ರದ ಚಿತ್ರ ಅಂಟಿಸಿ, ಎದುರಿಗೆ ಮಡಚುವ ಕುರ್ಚಿ ಹಾಕಿ, ಬೇಸಿನ್ನಿನಲ್ಲಿ ಉಪ್ಪುನೀರು ಕಲಸಿಟ್ಟ. ಕಾಪಾ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿದಳು.

"ಅಲೆ ಯಾಕೋ ಬರ್ತಾ ಇಲ್ಲ ಗೆನ್ನಾ," ಅಂದಳು.

ಆದರೂ ಟಿಕೆಟ್ ವಾಪಸು ಮಾಡಿದಳು. ನಾವು ಗೆದ್ದೆವೆಂದುಕೊಂಡೆವು.

ವಸಂತದಲ್ಲಿ ಮಂಡಿನೋವೆಂದು ಕುಂಟುತ್ತ ನನ್ನ ಬಳಿ ಬಂದಳು. ನನ್ನದು ಎಲ್ಲಕ್ಕಿಂತ ಕೆಳಗಿನ, ಬೆಳಕಿಲ್ಲದ ಮನೆ. ಅದಲುಬದಲು ಮಾಡಿಕೊಳ್ಳೋಣವೇ ಎಂದು ಕೇಳಿದಳು. ಮುದುಕಿಗೆ ಉಪಕಾರ, ನನಗೆ ಬಿಸಿಲು ಎಂದು ಹಿಗ್ಗಿ ಒಪ್ಪಿದೆ. ಮನೆಯ ಜೊತೆಗೆ ನಲ್ಲಿಯೂ ಬರುತ್ತದೆಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಈ ಸೆಪ್ಟೆಂಬರಿನಲ್ಲಿ ಕೆಳಗಿನ ಮನೆಗೆ ಬೀಗ ಬಿತ್ತು. ಕೊಳವೆ ಗುಳುಗುಳು ಅನ್ನತೊಡಗಿದ ದಿನ ನಾನು ಸಿಟ್ಟಿನಿಂದ ಫೋನ್ ಮಾಡಿದೆ.

"ಮಂಡಿನೋವು ಅಂದಿದ್ಯಲ್ಲ ಚಿಕ್ಕಮ್ಮ?"

"ಈಜಿದ್ರೆ ಹೋಗತ್ತಂತೆ ಕಣೇ ರಿಮ್ಮಾ. ನೀರು ಬಂತಾ? ಬೇಸಿನ್ ಕೆಳಗಿಡು, ನಿಧಾನ ತಿರುಗಿಸು. ಫೋನು ನಲ್ಲಿ ಹತ್ರ ಹಿಡಿ."

ಹಿಡಿದೆ. ಈ ಕಡೆ ಗಾಳಿ ಬುಸುಗುಟ್ಟಿತು, ಆ ಕಡೆ ಅಲೆ. ಎಷ್ಟು ಹೊಟ್ಟೆ ಉರಿಯಿತೋ ಅಷ್ಟೇ ಸಂತೋಷವೂ ಆಯಿತು.

"ಸಾಕು, ಮುಚ್ಚು," ಅಂದಳು ಸಮುದ್ರದ ದಡದಿಂದ.

ಮುಚ್ಚಿದೆ. ರೇಡಿಯೇಟರ್ ಬೆಚ್ಚಗಾಯಿತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಗೆನ್ನಾದಿ, ಕೈಯಲ್ಲಿ ಅಣಬೆಯ ಭರಣಿ.

"ನೀವೆಲ್ಲೂ ಹೋಗೋ ಯೋಚನೆ ಇಲ್ಲ ಅಲ್ವಾ ರಿಮ್ಮಕ್ಕ?"