ಬಿಸ್ಕಿಟ್ ಡಬ್ಬಿಯ ಟಂಕಸಾಲೆ

ಕವಡೆಯನ್ನು ಕಡಲು ಕೊಟ್ಟಿತು, ವರಹಕ್ಕೆ ಅರಸರು ಮುದ್ರೆ ಒತ್ತಿದರು. ನಮ್ಮ ಅರಂತೋಡಿನ ಮಾಯಿಲಪ್ಪನ ದುಡ್ಡು ಹುಟ್ಟಿದ್ದು ಬಿಸ್ಕಿಟ್ ಡಬ್ಬಿಯಲ್ಲಿ.

ನಯಾ ಪೈಸೆ ಬಂದ ಹೊಸತು. ಆಣೆಗೆ ಆರೋ ಏಳೋ ಎಂದು ಊರೇ ತಲೆ ಕೆರೆದುಕೊಳ್ಳುತ್ತಿತ್ತು, ಚಿಲ್ಲರೆಗೆ ತತ್ವಾರ. ಜಿನಸಿನ ಅಂಗಡಿಯ ಮಾಯಿಲಪ್ಪ ಅದಕ್ಕೊಂದು ಮದ್ದು ಕಂಡುಹಿಡಿದ. ಖಾಲಿ ಡಬ್ಬಿಯ ತಗಡನ್ನು ದುಂಡಗೆ ಕತ್ತರಿಸಿ, ಮೊಳೆಯಿಂದ ‘ಮಾ’ ಎಂದು ಕುಟ್ಟಿ, ಚಿಲ್ಲರೆಯ ಬದಲು ಕೊಡತೊಡಗಿದ. ಆ ಬಿಲ್ಲೆ ಅವನ ಅಂಗಡಿ ಬಿಟ್ಟರೆ ಮೂರು ಲೋಕದಲ್ಲೂ ನಡೆಯದು. ಆದರೂ ಆಸಾಮಿಯ ಗತ್ತು ನೋಡಬೇಕಿತ್ತು! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈತನಿಗೆ ದಿಲ್ಲಿಯ ಸರಕಾರವೇ ತಾನೆಂಬ ಭ್ರಮೆ.

ಚಿಲ್ಲರೆ ಧಾರಾಳ ಸಿಗತೊಡಗಿದ ಮೇಲೂ ಬಿಲ್ಲೆ ನಿಲ್ಲಲಿಲ್ಲ. ಅವನ ಅಡಿಕೆ ಸುಲಿಯುವ ಹೆಂಗಸರ ಕೂಲಿಯೂ ಬಿಲ್ಲೆಯೇ ಆಯಿತು. ಅವರಲ್ಲೊಬ್ಬಳು ದುಗ್ಗಮ್ಮ. ಮಗಳು ನೀಲಾವತಿ ಹೆರಿಗೆಗೆ ಮಡಿಕೇರಿ ಆಸ್ಪತ್ರೆ ಸೇರಿದ ಸುದ್ದಿ ಬಂದ ಬೆಳಿಗ್ಗೆ ಅವಳು ಸೆರಗಿನಲ್ಲಿ ಬಿಲ್ಲೆ ಕಟ್ಟಿಕೊಂಡು ಅಂಗಡಿಗೆ ಓಡಿದಳು.

“ಅಣ್ಣ, ಬಸ್ಸಿನವ ಇದನ್ನು ತಗೊಳ್ಳುದಿಲ್ಲ. ಇಷ್ಟಕ್ಕೂ ಪೈಸೆ ಕೊಡಿ. ಮಗಳಿಗೆ ಕಷ್ಟ ಉಂಟಂತೆ.”

“ಬಿಲ್ಲೆಗೆ ಪೈಸೆ ಕೊಡುದು ಎಲ್ಲಿಯಾದ್ರೂ ಉಂಟಾ ಮಾರಾಯ್ತಿ? ಬೇಕಾದ್ರೆ ಬೆಲ್ಲ ತಗೊಂಡು ಹೋಗು.”

ಬೆಲ್ಲವಂತೆ, ಬೆಲ್ಲ! ಅಷ್ಟರಲ್ಲಿ ದಿನಕ್ಕಿದ್ದ ಒಂದೇ ಬಸ್ಸು ಹೊರಟುಹೋಯಿತು. ಸಂಜೆ ಮೀನು ಮಾರಿ ಬಂದ ಅಬ್ಬಾಸ್ ಕೈಗಡ ಕೊಟ್ಟ. ಮರುದಿನ ಅವಳು ಮಡಿಕೇರಿ ಮುಟ್ಟುವಾಗ ಮಗುವನ್ನು ಮಣ್ಣು ಮಾಡಿ ಆಗಿತ್ತು. ನೀಲಾವತಿ ನೋವಿನ ನಡುವೆಯೂ ‘ಅಮ್ಮ ಬಂದಳಾ’ ಎಂದೇ ಕೇಳುತ್ತಿದ್ದಳಂತೆ. ಅದನ್ನು ಕೇಳಿದ ದಿನದಿಂದ ನನಗೆ ಆ ಮನುಷ್ಯನ ಮುಖ ಕಂಡರಾಗದು.

ಬೇಸಗೆಯಲ್ಲಿ ಮಾಯಿಲಪ್ಪನ ಮಗಳ ಮದುವೆ. ಬಂದವರು ಮದುಮಕ್ಕಳ ತಲೆಗೆ ಸೇಸೆಯಕ್ಕಿ ಹಾಕಿ, ಹರಿವಾಣಕ್ಕೆ ದುಡ್ಡು ಹಾಕುವುದು ಕ್ರಮ. ದುಗ್ಗಮ್ಮ ಬಂದಳು, ಅಕ್ಕಿ ಹಾಕಿ ಹರಸಿದಳು, ಹರಿವಾಣಕ್ಕೆ ಒಂದು ಬಿಲ್ಲೆ ಹಾಕಿದಳು. ಅವಳ ಹಿಂದಿದ್ದವಳೂ ಅದನ್ನೇ ಹಾಕಿದಳು. ಆಮೇಲೆ ಊರಿಗೆ ಊರೇ.

ಗಂಡಿನ ತಂದೆ ಒಂದನ್ನು ಎತ್ತಿ ತಿರುಗಿಸಿ ನೋಡಿದರು. “ಇದೆಂತ ಮಾರಾಯ್ರೆ, ತಗಡಾ?”

ಹೌದೆಂದರೆ, ಊರಿಗೆಲ್ಲ ತಗಡು ಕೊಟ್ಟವ ತಾನೇ ಎಂದು ಬೀಗರೆದುರು ಒಪ್ಪಿಕೊಂಡಂತೆ. “ಅಲ್ಲ, ದುಡ್ಡು. ನಮ್ಮ ಅಂಗಡಿಯದ್ದು” ಎಂದ ಮಾಯಿಲಪ್ಪ, ಬೆವರು ಒರೆಸಿಕೊಳ್ಳುತ್ತ.

“ದುಡ್ಡಾದ್ರೆ ಬದಲಿಸಿ ಕೊಡಿ” ಎಂದರು ಬೀಗರು.

ಇದು ಚಪ್ಪರಕ್ಕೆಲ್ಲ ಕೇಳಿಸಿತು, ಮಾಯಿಲಪ್ಪ ಹೂಂ ಎನ್ನಲೇಬೇಕಾಯಿತು. ಮರುದಿನ ಅಂಗಡಿಯೆದುರು ಸಾಲು. ಮಾಯಿಲಪ್ಪ ಒಳ್ಳೆಯ ಧಾರಣೆ ಬರಲೆಂದು ಕೂಡಿಟ್ಟಿದ್ದ ಅಡಿಕೆಯನ್ನು ಸಿಕ್ಕಿದ ಬೆಲೆಗೆ ಮಾರಿ ಪೈಸೆ ಎಣಿಸಿದ. ನಾನು ಎದುರಿನ ಕಟ್ಟೆಯಲ್ಲಿ ಕೂತು ಹೊಟ್ಟೆ ತುಂಬ ನಕ್ಕೆ.

ಆ ಸಾಲಿನಲ್ಲಿ ದುಗ್ಗಮ್ಮ ಇರಲಿಲ್ಲ. ಊರವರ ಬಾಯಿಗೆ ಹೆದರಿ ಕೊನೆಗೆ ಮಾಯಿಲಪ್ಪನೇ ಅವಳ ಮನೆಗೆ ಹೋಗಿ, ಜಗಲಿಯ ಮೇಲೆ ಪೈಸೆ ಇಟ್ಟ. ಅವಳು ಅತ್ತ ನೋಡಲೂ ಇಲ್ಲ.

“ಈಗ ಎಂತಕ್ಕೆ ಅಣ್ಣ? ಆ ಬಸ್ಸು ಹೋಯ್ತಲ್ಲ.”